ಸತ್ತ ಹಸುವಿನ ಬಗ್ಗೆ ಮಾತಾಡಲು ಒಂದು ಶನಿವಾರ ಕೊಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಮದ್ದೂರು ಕಡೆಯ ರೈತರೊಬ್ಬರು ಬರೆದದ್ದನ್ನು ಓದಿದೆ. ಹಸುವಿಗೆ ಹೊಟ್ಟೆ ಉಬ್ಬರಿಸಿತ್ತು, ಪಶು ಆಸ್ಪತ್ರೆಗೆ ಓಡಿದರೆ ಡಾಕ್ಟ್ರು ಟ್ರೈನಿಂಗ್‌ಗೆ ಹೋಗಿದ್ದಾರೆ ಅಂದರಂತೆ. ದನದ ಡಾಕ್ಟ್ರಿಗೆ ಇನ್ನೂ ಎಂಥ ಟ್ರೈನಿಂಗು, ಓದಿ ಮುಗಿಸಿಯೇ ತಾನೇ ಕೆಲಸಕ್ಕೆ ಸೇರೋದು ಅಂತ ಅವರ ಪ್ರಶ್ನೆ. ಅವರ ಕೋಪ ನ್ಯಾಯವಾದದ್ದೇ. ಉಬ್ಬರಿಸಿದ ಹಸು ಗಂಟೆ ಲೆಕ್ಕದಲ್ಲಿ ಸಾಯುತ್ತದೆ, ಡಾಕ್ಟ್ರು ಬಸ್ಸಿಳಿದು ಬರುವ ತನಕ ಕಾಯುವುದಿಲ್ಲ. ಆದರೂ ಆ ಪ್ರಶ್ನೆಗೆ ಉತ್ತರ ಕೊಡದೆ ಸುಮ್ಮನಿರಲು ಆಗಲಿಲ್ಲ. ನಾನು ಪಾಂಡವಪುರ ತಾಲ್ಲೂಕಿನ ಒಂದು ಹೋಬಳಿಯಲ್ಲಿ ಪಶುವೈದ್ಯೆ. (ಹೌದು, ಹೆಂಗಸೇ. ಇಷ್ಟು ವರ್ಷವಾದರೂ ಹೊಸ ಊರಿಗೆ ಹೋದರೆ "ಏನವ್ವಾ, ಡಾಕ್ಟ್ರು ಹಿಂದೆ ಬತ್ತಾವ್ರಾ?" ಅಂತಲೇ ಕೇಳುತ್ತಾರೆ.)

ಹೆಬ್ಬಾಳದ ಕಾಲೇಜಿನಿಂದ ನಾನು ಹೊರಬಂದದ್ದು 2003ರಲ್ಲಿ. ಓದಿ ಮುಗಿಸಿಯೇ ಬಂದೆ. ಆದರೆ 2009ರ ಒಂದು ರಾತ್ರಿಯ ಕಥೆ ಕೇಳಿ.

ಹನ್ನೊಂದು ಗಂಟೆ ಹೊತ್ತಿಗೆ ಫೋನ್ ಬಂತು. ಮೂರನೇ ಸೂಲಿನ ಸೀಮೆ ಹಸು, ಸಂಜೆಯಿಂದ ನೋವು ತಿನ್ನುತ್ತಿದೆ, ನೀರ್ಚೀಲವೂ ಕಾಣುತ್ತಿಲ್ಲ. ಹೋಗಿ ಕೈ ಹಾಕಿ ನೋಡಿದೆ. ದಾರಿ ಕಿರಿದಾಗಿತ್ತು. ಒದ್ದೆ ಬಟ್ಟೆ ಹಿಂಡಿದ ಹಾಗೆ ಒಳಗೆಲ್ಲ ಸುತ್ತು ಸುತ್ತು ಮಡಿಕೆ. ಗರ್ಭಕೋಶ ತಿರುಚಿಕೊಂಡಿದೆ ಅಂತ ಗೊತ್ತಾಯಿತು. ಇದಕ್ಕೆ ಹಸುವನ್ನು ಮಲಗಿಸಿ, ತಿರುಚಿದ ದಿಕ್ಕಿಗೇ ಉರುಳಿಸಬೇಕು. ಮೈ ತಿರುಗಿ ಗರ್ಭಕೋಶವನ್ನು ಹಿಡಿಯುತ್ತದೆ, ಸುತ್ತು ಬಿಚ್ಚಿಕೊಳ್ಳುತ್ತದೆ. ಪುಸ್ತಕದಲ್ಲಿ ಇದು ಅರ್ಧ ಪುಟದ ಪಾಠ. ಪರೀಕ್ಷೆಯಲ್ಲಿ ಚಿತ್ರ ಬರೆದು ಮಾರ್ಕ್ಸ್ ಕೂಡ ತಗೊಂಡಿದ್ದೆ. ಆದರೆ ತಿರುಚಿರುವುದು ಬಲಕ್ಕೋ ಎಡಕ್ಕೋ ಅಂತ ಆ ರಾತ್ರಿ ನನ್ನ ಕೈಗೆ ಗೊತ್ತಾಗಲಿಲ್ಲ. ನಾಲ್ಕು ಜನ ಗಂಡಸರು ಹಗ್ಗ ಹಿಡಿದು ನಿಂತು "ಯಾವ ಕಡೆಗೆ ಮೇಡಂ?" ಅಂತ ಕೇಳುತ್ತಿದ್ದಾರೆ. ಬಲಕ್ಕೆ ಅಂದೆ. ಮೂರು ಸಲ ಉರುಳಿಸಿದರು. ಸುತ್ತು ಬಿಚ್ಚಲಿಲ್ಲ. ಇನ್ನಷ್ಟು ಬಿಗಿಯಾಯಿತೋ ಏನೋ. ಆ ಹೊತ್ತಿನಲ್ಲಿ ಅಲ್ಲಿ ಹೊಟ್ಟೆ ಕೊಯ್ದು ಕರು ತೆಗೆಯುವ ಸಾಮಾನೂ ಇರಲಿಲ್ಲ, ಧೈರ್ಯವೂ ಇರಲಿಲ್ಲ. ಕರು ಒಳಗೇ ಸತ್ತಿತು. ಬೆಳಗಿನ ಜಾವಕ್ಕೆ ಹಸುವೂ ಹೋಯಿತು. ಆ ಮನೆಯ ಯಜಮಾನಿ ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಕಾಫಿ ಮಾಡಿ ಕೊಟ್ಟಳು. ಅದನ್ನು ಕುಡಿಯುವುದೇ ಕಷ್ಟವಾಯಿತು.

ಈ ಕಥೆಯನ್ನು ನಾನು ಯಾರಿಗೂ ಹೇಳಲಿಲ್ಲ. ಎಂಟು ವರ್ಷ ಹೇಳಲಿಲ್ಲ. 2017ರಲ್ಲಿ ಶ್ರೀರಂಗಪಟ್ಟಣದ ಕಡೆ ಸಹೋದ್ಯೋಗಿಯೊಬ್ಬರ ಮನೆಯ ಮದುವೆ. ಊಟ ಮುಗಿಸಿ ನಾಲ್ಕೈದು ಜನ ಡಾಕ್ಟ್ರುಗಳು ಮರದ ಕೆಳಗೆ ಕುಳಿತಿದ್ದೆವು. ನಿವೃತ್ತರಾದ ಹಿರಿಯರೊಬ್ಬರು ತಮ್ಮ ಕೈಯಲ್ಲಿ ಸತ್ತ ಒಂದು ಎಮ್ಮೆಯ ವಿಷಯ ತೆಗೆದರು. ಅವರೇ ಮೊದಲು ತೆಗೆದದ್ದರಿಂದ ನನಗೂ ಬಾಯಿ ಬಂತು, ಹೇಳಿಬಿಟ್ಟೆ. ಅವರು ನಗಲಿಲ್ಲ. "ಹಲಗೆ ಇಟ್ಟಿದ್ಯಾ?" ಅಂತ ಕೇಳಿದರು.

ಹಲಗೆ! ಆಮೇಲೆ ಅವರು ಹೇಳಿದ್ದು ಇಷ್ಟು. ಯಾವ ಕಡೆ ತಿರುಚಿದೆಯೋ ಅದೇ ಮಗ್ಗುಲಿಗೆ ಹಸುವನ್ನು ಮಲಗಿಸು. ಉದ್ದನೆಯ ಹಲಗೆಯನ್ನು ಪಕ್ಕೆಯ ಮೇಲೆ ಅಡ್ಡ ಇಡು, ಅದರ ಕೆಳತುದಿ ನೆಲಕ್ಕೆ ತಾಗಿರಲಿ. ಹಲಗೆಯ ಮೇಲೆ ಒಬ್ಬ ನಿಲ್ಲಲಿ. ಆಗ ಹೊಟ್ಟೆಯೊಳಗಿನ ಕರು ಅಲ್ಲಾಡದೆ ನಿಲ್ಲುತ್ತದೆ. ಈಗ ಹಸುವನ್ನು ನಿಧಾನವಾಗಿ ಉರುಳಿಸು. ಯಾವ ಕಡೆ ಅಂತ ತಿಳಿಯಲು ಮಡಿಕೆಯ ಹಿಂದೆಯೇ ಕೈ ಬಿಡು, ಅಂಗೈ ಯಾವ ಕಡೆಗೆ ತಾನಾಗಿ ಹೊರಳುತ್ತೋ ಅದೇ ದಿಕ್ಕು. ಎರಡು ತಿಂಗಳ ನಂತರ ಅಂಥದ್ದೇ ಒಂದು ಕೇಸು ಬಂದಾಗ ಅವರಿಗೆ ಫೋನ್ ಮಾಡಿದೆ. ಸ್ಕೂಟರಿನಲ್ಲಿ ಬಂದರು. ಮೊದಲು ತಾವು ಕೈ ಹಾಕಿ ನೋಡಿ, ಆಮೇಲೆ ನನ್ನ ಕೈ ಹಾಕಿಸಿದರು. ಕೊಟ್ಟಿಗೆಯ ಬಾಗಿಲಿನ ಹಲಗೆಯನ್ನೇ ಕಿತ್ತು ತಂದೆವು. ಎರಡನೇ ಉರುಳಿಗೆ ಬಿಚ್ಚಿಕೊಂಡಿತು, ಹೆಣ್ಣು ಕರು. ಅಲ್ಲಿಂದ ಇಲ್ಲಿಗೆ ಬಹಳಷ್ಟು ಹಸುಗಳನ್ನು ಆ ಹಲಗೆ ಉಳಿಸಿಕೊಟ್ಟಿದೆ.

ಖರ್ಚಿಲ್ಲದ, ಕರೆಂಟು ಬೇಡದ, ಯಾವ ಕಂಪನಿಯೂ ಮಾರದ ಒಂದು ಉಪಾಯ. ಅದು ನನ್ನ ಕೈಗೆ ಬರಲು ಡಿಗ್ರಿ ಆದಮೇಲೆ 14 ವರ್ಷ ಬೇಕಾಯಿತು. ಅದೂ ಒಂದು ಮದುವೆ ಊಟದ ಪುಣ್ಯದಿಂದ. ಮದ್ದೂರಿನ ಆ ಓದುಗರಿಗೆ ನನ್ನ ಉತ್ತರ ಇದೇ. ಟ್ರೈನಿಂಗ್ ಬೇಕೇ ಬೇಕು. ಆದರೆ ಈಗ ಸಿಗುತ್ತಿರುವ ಥರದ್ದಲ್ಲ.

ಈಗ ಸಿಗುತ್ತಿರುವುದು ಯಾವುದು ಅಂತಲೂ ಹೇಳುತ್ತೇನೆ. ಒಂದು, ಬೆಂಗಳೂರಿನಲ್ಲಿ ಮೂರು ದಿನ. ಬೆಳಗಿನಿಂದ ಸಂಜೆವರೆಗೆ ಪರದೆಯ ಮೇಲೆ ಚಿತ್ರ. ಭ್ರೂಣ ವರ್ಗಾವಣೆ ಬಗ್ಗೆ ಚೆನ್ನಾಗಿಯೇ ಪಾಠ ಮಾಡುತ್ತಾರೆ, ನನ್ನ ಆಸ್ಪತ್ರೆಯ ಫ್ರಿಜ್ಜಿನಲ್ಲಿ ಲಸಿಕೆ ಇಡುವುದೇ ಕರೆಂಟಿನ ದಯೆ. ಎರಡು, ಆನ್‌ಲೈನ್ ತರಗತಿ. ಕೊರೊನಾ ಕಾಲದಿಂದ ಜಾಸ್ತಿ ಆಗಿದೆ. ಕೆಲವು ನಿಜಕ್ಕೂ ಒಳ್ಳೆಯವು. ಆದರೆ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಒಂದು ಕೈ ಹಸುವಿನೊಳಗೆ ಇಟ್ಟುಕೊಂಡು ಪಾಠ ಕೇಳಿದವಳು ನಾನು. ಎಷ್ಟು ತಲೆಗೆ ಹೋಯಿತು ಅಂತ ಕೇಳಬೇಡಿ. ಮೂರು, ಔಷಧ ಕಂಪನಿಯವರ ಸಭೆ. ಮೈಸೂರಿನ ಹೋಟೆಲಿನಲ್ಲಿ ಒಳ್ಳೆ ಊಟ, ಒಂದು ಬ್ಯಾಗು. ಕೆಚ್ಚಲು ಬಾವಿನ ಬಗ್ಗೆ ಉಪನ್ಯಾಸ ಅಂತ ಹೋದರೆ ಇಪ್ಪತ್ತನೇ ನಿಮಿಷಕ್ಕೆ ಅವರ ಹೊಸ ಇಂಜೆಕ್ಷನ್ ಬರುತ್ತದೆ. ಕೆಚ್ಚಲು ಬಾವಿಗೆ ಕೊಟ್ಟಿಗೆಯ ನೆಲ, ಹಾಲು ಕರೆಯುವವರ ಕೈ, ಕರೆದಮೇಲೆ ಮೊಲೆತೊಟ್ಟು ಅದ್ದುವ ದ್ರಾವಣ ಇವೆಲ್ಲ ಮುಖ್ಯ ಅಲ್ವಾ? ಅದನ್ನು ಮಾರಿದರೆ ಎಷ್ಟು ಲಾಭ ಬಂದೀತು.

ನಾಲ್ಕನೆಯದು ವಾಟ್ಸ್‌ಆ್ಯಪ್. ಇದನ್ನು ಪೂರ್ತಿ ಬಯ್ಯಲಾರೆ. ಚರ್ಮಗಂಟು ರೋಗ ನಾವು ಓದುವಾಗ ಆಫ್ರಿಕಾದ ರೋಗ, 1929ರಲ್ಲಿ ಜಾಂಬಿಯಾದಲ್ಲಿ ಕಂಡದ್ದು, ಪರೀಕ್ಷೆಗೆ ಬರಲ್ಲ ಅಂತ ಬಿಟ್ಟಿದ್ದ ಪಾಠ. 2019ರಲ್ಲಿ ಒಡಿಶಾದಲ್ಲಿ ಕಾಣಿಸಿಕೊಂಡಿತು. 2022ರಲ್ಲಿ ನಮ್ಮ ರಾಜ್ಯದಲ್ಲಿ ಜೋರಾಗಿ ಹಬ್ಬಿದಾಗ ಮೈತುಂಬ ಗಂಟೆದ್ದ ಹಸುವನ್ನು ನಾನು ಗುರುತು ಹಿಡಿದದ್ದು ಉತ್ತರದ ಜಿಲ್ಲೆಗಳ ಸ್ನೇಹಿತರು ಗುಂಪಿಗೆ ಹಾಕಿದ್ದ ಫೋಟೊಗಳಿಂದ. "ಹಸಕ್ಕೆ ಮೇಕೆ ಸಿಡುಬಿನ ಲಸಿಕೆ ಯಾಕೆ ಮೇಡಂ?" ಅಂತ ರೈತರು ಕೇಳಿದರೆ, ಎರಡೂ ವೈರಸ್ಸು ಒಂದೇ ಕುಲದವು, ಅಣ್ಣತಮ್ಮ ಇದ್ದ ಹಾಗೆ ಅಂತ ಹೇಳಲು ಕಲಿತದ್ದೂ ಅಲ್ಲೇ. ಆದರೆ ಆ ಗುಂಪಿನಲ್ಲಿ ಎದ್ದು ನಿಂತ ಹಸುವಿನ ಫೋಟೊ ಮಾತ್ರ ಬರುತ್ತದೆ. "ಈ ಇಂಜೆಕ್ಷನ್ ಕೊಟ್ಟೆ, ಮೂರನೇ ದಿನ ಮೇವು ತಿಂತು" ಅಂತ ಒಬ್ಬರು, ಕೆಳಗೆ ಮೂವತ್ತು ಚಪ್ಪಾಳೆ. ಅದೇ ಇಂಜೆಕ್ಷನ್ ಕೊಟ್ಟು ಸತ್ತ ಹಸುವಿನ ಫೋಟೊ ಹಾಕಿದವರನ್ನು ನಾನು ನೋಡಿಲ್ಲ. ನಾನೂ ಹಾಕಿಲ್ಲ. ಮುನ್ನೂರು ಜನ ಇರುವ ಗುಂಪು, ಮೇಲಧಿಕಾರಿಗಳೂ ಇರುತ್ತಾರೆ, ಯಾರು ಸ್ಕ್ರೀನ್‌ಶಾಟ್ ತೆಗೆದು ಎಲ್ಲಿಗೆ ಕಳಿಸುತ್ತಾರೋ. ಹಾಗಾಗಿ ಒಬ್ಬಳ ಕೈಯಲ್ಲಿ ಒಂದು ಹಸು ಸತ್ತ ರೀತಿಯಲ್ಲೇ ಪಕ್ಕದ ತಾಲ್ಲೂಕಿನಲ್ಲಿ ಇನ್ನೊಂದು ಸಾಯುತ್ತದೆ.

ಇನ್ನೊಂದು ವಿಷಯಕ್ಕೆ ನನಗೆ ಈಗಲೂ ನಾಚಿಕೆ ಇದೆ. ದನಗಳಿಗೆ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಅನ್ನು ಸರ್ಕಾರ 2006ರಲ್ಲೇ ನಿಷೇಧಿಸಿತು. ಅದನ್ನು ಕೊಟ್ಟ ದನ ಸತ್ತು, ಹೆಣವನ್ನು ರಣಹದ್ದು ತಿಂದರೆ ಹದ್ದಿನ ಮೂತ್ರಪಿಂಡ ಕೆಟ್ಟು ಸಾಯುತ್ತದೆ. ಇದು ಗೊತ್ತಿತ್ತು. ಆದರೆ ನೋವಿನ ಇನ್ನೊಂದು ಔಷಧ ಅಸೆಕ್ಲೋಫೆನಾಕ್ ದನದ ಮೈಯಲ್ಲಿ ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ ಅಂತ ಗೊತ್ತಿರಲಿಲ್ಲ. ಅದನ್ನೂ ಕೀಟೊಪ್ರೊಫೆನ್ ಅನ್ನೂ 2023ರಲ್ಲಿ ನಿಷೇಧಿಸಿದರು. ನನಗೆ ಸುದ್ದಿ ಮುಟ್ಟಿಸಿದ್ದು ಮೆಡಿಕಲ್ ಸ್ಟೋರಿನ ಹುಡುಗ. ನನ್ನ ಚೀಟಿ ನೋಡಿ, "ಇದು ಬಂದ್ ಆಗಿದೆ ಮೇಡಂ, ಮೆಲಾಕ್ಸಿಕ್ಯಾಮ್ ಬರೀರಿ" ಅಂದ. ಆದೇಶ ಎಲ್ಲೋ ಬಂದು ಯಾವುದೋ ಕಡತದಲ್ಲಿ ಮಲಗಿತ್ತು, ತೆಗೆದು ನೋಡದ ತಪ್ಪು ನನ್ನದೇ. ನಮ್ಮ ಮಂಡ್ಯ ದಾಟಿದರೆ ರಾಮನಗರ. ರಾಮದೇವರ ಬೆಟ್ಟದಲ್ಲಿ ರಣಹದ್ದುಗಳಿಗೇ ಅಂತ ಒಂದು ಧಾಮ ಮಾಡಿದ್ದಾರೆ. ಅದರ ಪಕ್ಕದ ಜಿಲ್ಲೆಯಲ್ಲಿ ಕುಳಿತು ಇಷ್ಟು ತಡವಾಗಿ ತಿಳಿದದ್ದು ಸರಿಯಾ?

1984ರ ಕೇಂದ್ರ ಕಾಯ್ದೆ ಪ್ರಕಾರ ನಮ್ಮ ಹೆಸರು ಪಶುವೈದ್ಯ ಪರಿಷತ್ತಿನ ನೋಂದಣಿಯಲ್ಲಿ ಇರಬೇಕು, 5 ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ಹೋದ ಸಲ ಆ ಫಾರಂ ತುಂಬುವಾಗ ಈ 5 ವರ್ಷದಲ್ಲಿ ಹೊಸದಾಗಿ ಏನು ಕಲಿತೆ ಅಂತ ಲೆಕ್ಕ ಹಾಕಿದೆ. ಕಲಿತದ್ದು ಇತ್ತು. ಆದರೆ ಅದರಲ್ಲಿ ಮುಕ್ಕಾಲು ಪಾಲು ಕಲಿತದ್ದು ಯಾರದೋ ಕೊಟ್ಟಿಗೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಲಸಿಕೆ ಡಬ್ಬ ತರಲು ಹೋದಾಗ ಜಿಲ್ಲಾ ಕಚೇರಿಯ ಮೆಟ್ಟಿಲ ಮೇಲೆ.

ಹಾಗಾಗಿ ಕೇಳುತ್ತಿರುವುದು ಇಷ್ಟೇ. ತಿಂಗಳಿಗೆ ಒಂದು ಶನಿವಾರ ಮಂಡ್ಯದಲ್ಲಿ ನಾವು ಸೇರಬೇಕು. ಎರಡನೇ ಶನಿವಾರ ಹೇಗೂ ಸರ್ಕಾರಿ ರಜೆ, ಆ ರಜೆಯನ್ನೇ ತೆಗೆದುಕೊಳ್ಳಿ, ನಮಗೇನೂ ಬೇಜಾರಿಲ್ಲ. ಹಸು ರಜೆ ನೋಡಿ ಕರು ಹಾಕುವುದಿಲ್ಲವಾದ್ದರಿಂದ ಆ ದಿನವೂ ನಾವು ಮನೆಯಲ್ಲಿ ಇರುವುದಿಲ್ಲ. ಒಂದು ತಿಂಗಳು ಅರ್ಧ ತಾಲ್ಲೂಕುಗಳ ಡಾಕ್ಟ್ರು ಬರಲಿ, ಉಳಿದವರು ಅವರ ಊರಿನ ಕರೆಗಳನ್ನೂ ನೋಡಿಕೊಳ್ಳಲಿ. ಮುಂದಿನ ತಿಂಗಳು ಅದಲುಬದಲು. ಆಸ್ಪತ್ರೆ ಬಾಗಿಲಿಗೆ "ಟ್ರೈನಿಂಗ್‌ಗೆ ಹೋಗಿದ್ದಾರೆ" ಅಂತ ಬರೆಯುವ ಬದಲು ಇಂದು ಯಾರಿಗೆ ಫೋನ್ ಮಾಡಬೇಕು ಅಂತ ನಂಬರು ಬರೆದು, 1962 ನಂಬರಿಗೆ ಫೋನ್ ಮಾಡಿದರೆ ಬರುವ ಪಶು ಸಂಜೀವಿನಿ ಗಾಡಿಯವರಿಗೂ ಮೊದಲೇ ತಿಳಿಸಿದ್ದರೆ ಮದ್ದೂರಿನ ಆ ಹಸುವಿಗೆ ಹೊಟ್ಟೆಯ ಗಾಳಿ ತೆಗೆಯಲು ಯಾರಾದರೂ ಸಿಗುತ್ತಿದ್ದರು.

ಜಾಗಕ್ಕೆ ಹೋಟೆಲ್ ಬೇಡ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮ್‌ನ ಒಂದು ಕೋಣೆ ಸಾಕು. ಹಾಸನದ ಪಶುವೈದ್ಯಕೀಯ ಕಾಲೇಜಿನಿಂದ ಒಬ್ಬ ಮೇಷ್ಟ್ರು ಬೆಳಿಗ್ಗೆ ಹೊರಟು ಸಂಜೆ ವಾಪಸ್ ಹೋಗಬಹುದು. ಯಲಹಂಕದ ನಿವೇದಿ ಸಂಸ್ಥೆ ಯಾವ ಜಿಲ್ಲೆಯಲ್ಲಿ ಮುಂದೆ ಯಾವ ರೋಗ ಬರಬಹುದು ಅಂತ ಮುನ್ಸೂಚನೆ ಕೊಡುತ್ತದೆ, ಅದನ್ನು ಮೊದಲ ಹತ್ತು ನಿಮಿಷ ಓದಿದರೆ ಚಪ್ಪೆ ರೋಗಕ್ಕೋ ಗಳಲೆ ರೋಗಕ್ಕೋ ಲಸಿಕೆ ಸಮಯಕ್ಕೆ ತರಿಸಬಹುದು. ಹೊಸ ಆದೇಶಗಳಿಗೆ ಇನ್ನು ಹತ್ತು ನಿಮಿಷ. ಉಳಿದ ಹೊತ್ತೆಲ್ಲ ಕೇಸು. ಬಂದವರು ಒಬ್ಬೊಬ್ಬರೂ ಆ ತಿಂಗಳು ತಮ್ಮ ಕೈಯಲ್ಲಿ ಸತ್ತ ಒಂದು ಪ್ರಾಣಿಯ ವಿಷಯ ಹೇಳಬೇಕು. ಬರೆದುಕೊಳ್ಳುವುದು ಬೇಡ, ಮೇಲಕ್ಕೆ ವರದಿ ಬೇಡ, ಫೋನು ಹೊರಗೆ. ಇದನ್ನು ಆದೇಶದಲ್ಲೇ ಹಾಕಬೇಕು, ಇಲ್ಲದಿದ್ದರೆ ಯಾರೂ ಬಾಯಿ ಬಿಡುವುದಿಲ್ಲ. ನವೀಕರಣದ ಹೊತ್ತಿಗೆ ಈ ಶನಿವಾರಗಳನ್ನು ಕಲಿಕೆ ಅಂತ ಪರಿಗಣಿಸಿದರೆ ಖಾಸಗಿಯಾಗಿ ಪ್ರಾಕ್ಟೀಸ್ ಮಾಡುವವರೂ, ಹಾಲು ಒಕ್ಕೂಟದ ಡಾಕ್ಟ್ರುಗಳೂ ಬರುತ್ತಾರೆ. ನಿವೃತ್ತರನ್ನು ಮಾತ್ರ ಮರೆಯದೆ ಕರೆಯಬೇಕು, ಅವರಿಗೆ ಬಸ್ ಚಾರ್ಜ್ ಕೊಟ್ಟರೆ ಸಾಕು, ಮಾತಾಡಲು ಕಾಯುತ್ತಿರುತ್ತಾರೆ.

ಮತ್ತೆ, ಮಾತು ಕನ್ನಡದಲ್ಲಿ ನಡೆಯಲಿ. ನಮ್ಮ ಪುಸ್ತಕವೆಲ್ಲ ಇಂಗ್ಲಿಷು. ಆದರೆ ರೈತರು ಹೇಳುವುದು "ಮಾಸು ಬಿದ್ದಿಲ್ಲ", "ಮೆಲುಕು ಹಾಕ್ತಿಲ್ಲ", "ಹಬ್ಬದ ದಿನ ಅನ್ನ ಜಾಸ್ತಿ ತಿಂದ್ಬುಡ್ತು". ಸಂಕ್ರಾಂತಿಗೆ ಕಿಚ್ಚು ಹಾಯಿಸಿ ಪ್ರೀತಿಯಿಂದ ಪೊಂಗಲ್ ತಿನ್ನಿಸಿದ ಮಾರನೇ ದಿನ ಬರುವ ಕೇಸುಗಳನ್ನು ಬೇರೆ ಜಿಲ್ಲೆಯ ಪಾಠದಿಂದ ಕಲಿಯಲು ಆಗುವುದಿಲ್ಲ. ಅನ್ನ ಜಾಸ್ತಿ ತಿಂದ ಹಸುವಿನ ಹೊಟ್ಟೆ ಹುಳಿಯಾಗುತ್ತದೆ. ಹೊಟ್ಟೆಯ ರಸಕ್ಕೆ ಅದ್ದಿ ಹುಳಿ ಎಷ್ಟಿದೆ ಅಂತ ತೋರಿಸುವ ಬಣ್ಣದ ಕಾಗದದ ಪಟ್ಟಿಯೊಂದು ಜೇಬಿನಲ್ಲಿರಬೇಕು ಅಂತ ನನಗೆ ಹೇಳಿಕೊಟ್ಟದ್ದು ನಾಗಮಂಗಲದ ಗೆಳತಿ. ಅವಳೇ ಇನ್ನೊಂದನ್ನೂ ಹೇಳಿದ್ದಳು. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಹಾಕುವ ಬ್ರೂಸೆಲ್ಲಾ ಲಸಿಕೆಯಲ್ಲಿ ಇರುವುದು ಜೀವಂತ ರೋಗಾಣು, ಕರು ಒದ್ದು ಸೂಜಿ ನಮ್ಮ ಕೈಗೇ ಚುಚ್ಚಿದರೆ ನಮಗೇ ಜ್ವರ ಹಿಡಿಯಬಹುದು, ಗ್ಲೌಸ್ ಇಲ್ಲದೆ ಮುಟ್ಟಬೇಡ ಅಂತ. ಅವಳು ತಾನೇ ತಿಂಗಳುಗಟ್ಟಲೆ ಜ್ವರದಲ್ಲಿ ನರಳಿ ಕಲಿತ ಪಾಠ ಅದು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಗೆ ಇದನ್ನು ಯಾರು ಹೇಳುತ್ತಾರೆ?

ನಮ್ಮ ಜಿಲ್ಲೆಯ ಅಧಿಕಾರಿಗಳು ಈ ಪತ್ರಿಕೆ ಓದುತ್ತಾರೆ, ಗೊತ್ತು. ಒಪ್ಪಿದರೆ ಮುಂದಿನ ಎರಡನೇ ಶನಿವಾರಕ್ಕೇ ಶುರು ಮಾಡಬಹುದು. ಮೊದಲ ಕೇಸು 2009ರದ್ದು, ನಾನೇ ಹೇಳುತ್ತೇನೆ. ಹಲಗೆಯನ್ನೂ ತರುತ್ತೇನೆ.

ಒಬ್ಬ ಪಶುವೈದ್ಯೆ, ಪಾಂಡವಪುರ ತಾಲ್ಲೂಕು
(ನೌಕರಿಯ ಕಾರಣಕ್ಕೆ ಹೆಸರು ಪ್ರಕಟಿಸಬೇಡಿ ಎಂದು ವಿನಂತಿ)