ಹೋಗು, ಆದರೆ ಒಬ್ಬರಿಗೆ ಹೇಳಿ ಹೋಗು

ಪ್ರೀತಿಯ ಪುಟ್ಟಿ,

ಸ್ವೀಡನ್ನಿನಿಂದ ನಿನ್ನ ಮೇಲ್ ಬಂದಾಗಿನಿಂದ ಮತ್ತೆ ಮತ್ತೆ ತೆಗೆದು ಓದುತ್ತಿದ್ದೇನೆ. ಊರಿನ ಸಮಾಚಾರ ಬರೆಯುವುದಿಲ್ಲ. ಅಡಿಕೆ ಕೊಯ್ಲು, ಅಜ್ಜಿಯ ಕಣ್ಣಿನ ಆಪರೇಷನ್, ಎಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ನಾನು ಬರೆಯುತ್ತಿರುವುದು ನಿನ್ನ ಒಂದೇ ಒಂದು ಸಾಲಿಗೆ. ಫೋಟೋಗಳ ಕೆಳಗೆ ಸುಮ್ನೆ ಬರೆದ ಹಾಗೆ ಬರೆದಿದ್ದೀಯ: "ಹೊರಡುವಾಗ ಯಾರಿಗೂ ಹೇಳುವುದಿಲ್ಲ ಮಾವ, ಹೇಳಿದರೆ ಆ ದಿನ ನನ್ನದಾಗಿ ಉಳಿಯುವುದಿಲ್ಲ."

ಅದನ್ನು ಓದಿದ ಮೇಲೆ ಆ ಕೆರೆಯ ಫೋಟೋ ತೆಗೆದು, ಬೆರಳಲ್ಲಿ ಎಳೆದು ದೊಡ್ಡದು ಮಾಡಿ ನೋಡಿದೆ. ಮೇಲೆ ಹಸಿರು ಅರೋರಾ, ಆ ಉತ್ತರದ ಆಕಾಶದ ಬೆಳಕು. ದೂರದಲ್ಲಿ ಲಾಪ್‌ಪೋರ್ಟೆನ್‌ನ ಎರಡು ಬೆಟ್ಟ, ನಡುವೆ ಬಾಗಿದ ಕಣಿವೆ. ಮೊದಲ ಸಲ ನೋಡಿದಾಗ ಅಷ್ಟೇ ಕಂಡಿತ್ತು, ಎಂಥ ಚೆಂದ ಅಂತ ನಿಮ್ಮತ್ತೆಯನ್ನು ಕೂಗಿ ಕರೆದು ತೋರಿಸಿದ್ದೆ. ಈಗ ಕಂಡಿದ್ದು ಕೆಳಗಿನ ಮೂಲೆ. ದಡದಿಂದ ಕ್ಯಾಮೆರಾ ಕಡೆಗೆ ಬಂದ ಬೂಟಿನ ಹೆಜ್ಜೆಗಳು, ಒಂದೇ ಸಾಲು. ಅಂದರೆ ಆ ರಾತ್ರಿ ನೀನು ಹೆಪ್ಪುಗಟ್ಟಿದ ತೋರ್ನೆಟ್ರೆಸ್ಕ್ ಕೆರೆಯ ಮೇಲೆ ನಿಂತಿದ್ದೀಯ ಅಂತ ಭೂಮಿ ಮೇಲೆ ಒಬ್ಬರಿಗೂ ಗೊತ್ತಿರಲಿಲ್ಲ.

ಹುಡುಗಿ ಒಬ್ಬಳೇ ಹೋಗಬಾರದು ಅನ್ನುವ ಮಾತಲ್ಲ ಇದು. ಆ ಮಾತು ಆಡುವವರು ನಮ್ಮ ಮನೆಯಲ್ಲಿ ಬೇರೆಯವರಿದ್ದಾರೆ, ನಾನು ಅವರ ಜೊತೆ ಸೇರುವುದಿಲ್ಲ. ನೀನು ಹೋಗು. ಒಬ್ಬಳೇ ಹೋಗು ಬೇಕಾದರೆ. ನನ್ನ ಹೆದರಿಕೆ ಒಂಟಿತನದ ಬಗ್ಗೆ ಅಲ್ಲ, ಗೊತ್ತಿಲ್ಲದಿರುವುದರ ಬಗ್ಗೆ.

ಲಡಾಖಿನ ನನ್ನ ಕಥೆಗಳನ್ನು ನೀನು ಚಿಕ್ಕವಳಿದ್ದಾಗ ಸಾಕಷ್ಟು ಕೇಳಿದ್ದೀಯ. ಇದೊಂದನ್ನು ಹೇಳಿರಲಿಲ್ಲ. ನಮ್ಮ ತುಕಡಿಯಲ್ಲಿ ಗದಗದ ಕಡೆಯ ಹುಡುಗನೊಬ್ಬ ಇದ್ದ. ಜಾಸ್ತಿ ಮಾತಾಡುತ್ತಿರಲಿಲ್ಲ. ಸಂಜೆ ಡ್ಯೂಟಿ ಮುಗಿದ ಮೇಲೆ ಸ್ವಲ್ಪ ದೂರ ನಡೆದು ಹೋಗಿ ಆಕಾಶ ನೋಡಿಕೊಂಡು ಬರುವುದು ಅವನ ಅಭ್ಯಾಸ. ನಿನ್ನ ಹಾಗೆಯೇ, ಯಾರಿಗೂ ಹೇಳುತ್ತಿರಲಿಲ್ಲ. ಒಂದು ಜನವರಿ ಸಂಜೆ ಹಾಜರಿಗೆ ಅವನು ಬರಲಿಲ್ಲ. ನಮಗೆ ಚಳಿ ಹೊಸದಲ್ಲ, ಕತ್ತಲೆ ಹೊಸದಲ್ಲ, ಹುಡುಕುವುದಕ್ಕೆ ಜನವೂ ಇದ್ದರು. ಇಲ್ಲದಿದ್ದದ್ದು ಒಂದೇ: ಅವನು ಯಾವ ದಿಕ್ಕಿಗೆ ಹೋದ ಎಂಬುದು. ನಾಲ್ಕು ಗುಂಪಾಗಿ ನಾಲ್ಕು ಕಡೆ ಹೊರಟೆವು. ಗಾಳಿ ಎದ್ದು ಹೆಜ್ಜೆಗುರುತು ಅಳಿಸಿಹೋಗಿತ್ತು. ಬೆಳಗಾಗುವ ಹೊತ್ತಿಗೆ ಸಿಕ್ಕಿದ, ಒಂದು ಬಂಡೆಯ ಹಿಂದೆ, ಕಾಲು ಉಳುಕಿಸಿಕೊಂಡು ಕೂತಿದ್ದ. ಕ್ಯಾಂಪಿನಿಂದ ದೂರವೇ ಇರಲಿಲ್ಲ ಪುಟ್ಟಿ. ಅಲ್ಲಿ ನಿಂತರೆ ನಮ್ಮ ಅಡುಗೆ ಡೇರೆಯ ಹೊಗೆ ಕಾಣುತ್ತಿತ್ತು. ಎಡಗೈಯ ಗ್ಲೌಸು ಬಿದ್ದುಹೋಗಿತ್ತು, ಆ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ, ಬಿಡಿಸಿ ನೋಡಿದರೆ ಬೆರಳುಗಳು ಮೇಣದ ಬತ್ತಿಯ ಬಣ್ಣ. ಜೀವ ಉಳಿಯಿತು, ಬೆರಳು ಉಳಿಯಲಿಲ್ಲ. ಅಡುಗೆಯವನಿಗೆ "ನಾಲಾ ಕಡೆ ಹೋಗಿ ಬರ್ತೀನಿ" ಅಂತ ಒಂದು ಮಾತು ಹೇಳಿದ್ದರೆ ಅರ್ಧ ಗಂಟೆಯಲ್ಲಿ ಕರೆದುಕೊಂಡು ಬರುತ್ತಿದ್ದೆವು.

ಅವನು ಊರಿಗೆ ಹೋದ ಮೇಲೆ ಒಂದು ಇನ್‌ಲ್ಯಾಂಡ್ ಪತ್ರ ಬರೆದಿದ್ದ. ಉತ್ತರ ಬರೆಯಬೇಕು ಅಂದುಕೊಂಡೇ ನನ್ನ ವರ್ಗಾವಣೆ ಆಯಿತು, ಪತ್ರ ಎಲ್ಲೋ ಹೋಯಿತು. ಅವನ ಊರಿನ ಹೆಸರೂ ಈಗ ಸರಿಯಾಗಿ ನೆನಪಿಲ್ಲ. ಅವನ ಮುಖ ಮಾತ್ರ ನಿನ್ನ ಸಾಲು ಓದಿದಾಗ ಕಣ್ಣೆದುರು ಬಂದು ನಿಂತಿತು.

ಕೆರೆಯ ವಿಷಯಕ್ಕೆ ಬರುತ್ತೇನೆ. ಲಡಾಖಿನ ಪಾಂಗಾಂಗ್ ಕೆರೆ ಉಪ್ಪುನೀರಾದರೂ ಚಳಿಗಾಲದಲ್ಲಿ ಪೂರ್ತಿ ಹೆಪ್ಪುಗಟ್ಟುತ್ತದೆ, ಅದರ ಸದ್ದು ನನಗೆ ಗೊತ್ತು. "ಮಂಜುಗಡ್ಡೆ ಹಾಡುತ್ತಿತ್ತು" ಅಂತ ಬರೆದಿದ್ದೀಯಲ್ಲ, ಅದಕ್ಕೆ ನನಗೆ ಭಯವಿಲ್ಲ. ಚಳಿ ಏರಿ ಇಳಿದಾಗ ಗಡ್ಡೆ ಹಿಗ್ಗುತ್ತದೆ, ಕುಗ್ಗುತ್ತದೆ, ಬಿರುಕು ಬಿಡುತ್ತದೆ, ಆ ಸದ್ದು ಮೈಲುಗಟ್ಟಲೆ ಓಡುತ್ತದೆ. ಹಾಡುವ ಗಡ್ಡೆ ಸಾಮಾನ್ಯವಾಗಿ ಕೆಟ್ಟದ್ದಲ್ಲ. ಸದ್ದಿಲ್ಲದೆ ಮೋಸ ಮಾಡುವ ಜಾಗಗಳು ಬೇರೆ. ಹೊಳೆ ಬಂದು ಸೇರುವ ಬಾಯಿ, ಕೆರೆಯೊಳಗೆ ಚಾಚಿದ ನೆಲದ ಮೂತಿ, ದಪ್ಪ ಹಿಮ ಮುಚ್ಚಿದ ಕಡೆ. ಹಿಮ ಕಂಬಳಿ ಹೊದಿಸಿದ ಹಾಗೆ, ಅದರ ಅಡಿಯಲ್ಲಿ ಗಡ್ಡೆ ಬೆಳೆಯುವುದೇ ನಿಧಾನ. ತೋರ್ನೆಟ್ರೆಸ್ಕ್ 70 ಕಿಲೋಮೀಟರ್ ಉದ್ದ, 168 ಮೀಟರ್ ಆಳ ಅಂತ ಓದಿದೆ. ಅಷ್ಟು ಆಳದ ನೀರು ತಣ್ಣಗಾಗುವುದಕ್ಕೇ ತಿಂಗಳುಗಳು ಬೇಕು, ಸಣ್ಣ ಕೆರೆಗಳೆಲ್ಲ ಗಟ್ಟಿಯಾದ ಮೇಲೂ ಇದು ಕಾಯಿಸುತ್ತದೆ. ಹೊಸ, ತಿಳಿ ಗಡ್ಡೆ 10 ಸೆಂಟಿಮೀಟರ್ ಆದರೂ ಇರಬೇಕು, ಒಬ್ಬರು ನಡೆಯುವುದಕ್ಕೆ. ಮೇ ತಿಂಗಳಲ್ಲಿ ಒಂದು ಅಡಿ ದಪ್ಪ ಇದ್ದರೂ ನಂಬಬೇಡ, ಒಳಗೇ ಟೊಳ್ಳಾಗಿರುತ್ತದೆ.

ಇದೆಲ್ಲ ಅಲ್ಲಿನವರು ನಿನಗೆ ಹೇಳಿಯೇ ಇರುತ್ತಾರೆ. ಆದರೂ ಬರೆದೆ, ಬೇಸರ ಮಾಡಿಕೊಳ್ಳಬೇಡ. ಕೊರಳಿಗೆ ಹಾಕಿಕೊಳ್ಳುವ, ಚೂಪು ಮೊಳೆ ಇರುವ ಎರಡು ಹಿಡಿ ಸಿಗುತ್ತದಲ್ಲ, ಇಸ್‌ದುಬ್ಬರ್ ಅನ್ನುತ್ತಾರಂತೆ, ಅದನ್ನು ಬ್ಯಾಗಿನೊಳಗಲ್ಲ, ಕೊರಳಿಗೇ ಹಾಕಿಕೋ. ನೀರಿಗೆ ಬಿದ್ದರೆ ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ಬರುವುದಿಲ್ಲ, ಆಮೇಲೆ ಹತ್ತು ನಿಮಿಷ ಕೈಕಾಲು ಮಾತು ಕೇಳುತ್ತವೆ, ಪ್ರಜ್ಞೆ ತಪ್ಪುವುದಕ್ಕೆ ಹೆಚ್ಚುಕಡಿಮೆ ಒಂದು ಗಂಟೆ. ಬಂದ ಕಡೆಗೇ ತಿರುಗಿ ಹತ್ತಬೇಕು, ಅಲ್ಲಿಯವರೆಗೆ ನಿನ್ನನ್ನು ಹೊತ್ತ ಗಡ್ಡೆ ಅದು. ಹತ್ತಿದ ಮೇಲೆ ಎದ್ದು ನಿಲ್ಲದೆ ಉರುಳಿಕೊಂಡೇ ದೂರ ಬಾ. ಆ ಒಂದು ಗಂಟೆ ಅನ್ನುವುದು, ಯಾರಿಗಾದರೂ ಗೊತ್ತಿದ್ದರೆ ಮಾತ್ರ ಒಂದು ಗಂಟೆ.

ನೋಡು, ಮತ್ತೆ ಅಲ್ಲಿಗೇ ಬಂದೆ.

"ಆ ದಿನ ನನ್ನದಾಗಿ ಉಳಿಯುವುದಿಲ್ಲ" ಅನ್ನುವುದು ನನಗೆ ಅರ್ಥವಾಗದ ಮಾತಲ್ಲ. ಎಲ್ಲಿಗೆ, ಯಾಕೆ, ಎಷ್ಟು ಹೊತ್ತಿಗೆ, ಯಾರ ಜೊತೆ ಅಂತ ಕೇಳಿಸಿಕೊಂಡೇ ಬೆಳೆದವಳು ನೀನು. ಸಾಗರದ ಪೇಟೆಗೆ ಹೋಗಬೇಕಾದರೂ ನಾಲ್ಕು ಜನಕ್ಕೆ ಉತ್ತರ ಕೊಡಬೇಕಿತ್ತು. ಕಿರುನಾದಲ್ಲಿ ಬೆಳಗ್ಗೆ ರೈಲು ಹತ್ತಿ ಅಬಿಸ್ಕೊದಲ್ಲಿ ಇಳಿದು, ಯಾರ ಅಪ್ಪಣೆಯೂ ಇಲ್ಲದೆ ಬೆಟ್ಟದ ಕಡೆ ನಡೆಯುವುದು ಎಷ್ಟು ದೊಡ್ಡದು ಅಂತ ನನಗೆ ಗೊತ್ತು. ಆದರೆ ಹೇಳುವುದು ಬೇರೆ, ಕೇಳುವುದು ಬೇರೆ ಪುಟ್ಟಿ. ನೀನು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ. ಹೇಳಿದ ತಕ್ಷಣ "ನಾನೂ ಬರ್ತೀನಿ" ಅನ್ನುವವರಿಗೆ ಹೇಳಲೂ ಬೇಡ. ಅಬಿಸ್ಕೊದ ವಸತಿಗೃಹದಲ್ಲಿ ಕೇಳಿ ನೋಡು, ಸ್ವೀಡನ್ನಿನ ಬೆಟ್ಟಗಳಲ್ಲಿ ಹೋಗುವ ದಾರಿ, ವಾಪಸ್ಸಾಗುವ ದಿನ ಬರೆದಿಟ್ಟು ಹೋಗುವ ಪದ್ಧತಿ ಇದೆ. ಕುಂಗ್ಸ್‌ಲೇಡೆನ್ ಕಾಲುದಾರಿಯ ಗುಡಿಸಲುಗಳಲ್ಲಿ ಪುಸ್ತಕ ಇರುತ್ತದೆ, ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ ಅಂತ ಬರೆಯಬಹುದು. 440 ಕಿಲೋಮೀಟರ್ ದಾರಿ ಅದು, ಬಹಳ ಕಡೆ ಮೊಬೈಲ್ ಸಿಗುವುದಿಲ್ಲ. ತಲೆತಲಾಂತರದಿಂದ ಆ ಬೆಟ್ಟಗಳಲ್ಲಿ ನಡೆದವರೇ ಬರೆದಿಟ್ಟು ಹೋಗುತ್ತಾರೆ ಅಂದರೆ ಅದರಲ್ಲಿ ಹೆದರಿಕೆ ಏನಿಲ್ಲ, ಅಲ್ವಾ?

ನಿನ್ನ ಫೋಟೋಗಳನ್ನು ತಿಂಗಳ ಲೆಕ್ಕದಲ್ಲಿ ಜೋಡಿಸಿ ಇಟ್ಟಿದ್ದೇನೆ. ಸೆಪ್ಟೆಂಬರಿನದ್ದು ನನಗೆ ಎಲ್ಲಕ್ಕಿಂತ ಇಷ್ಟ. ಮೊಣಕಾಲೆತ್ತರದ ಕುಬ್ಜ ಬರ್ಚ್ ಗಿಡ ಕೆಂಪಗೆ ಹೊತ್ತಿಕೊಂಡು, ಮೇಲಿನ ಮರಗಳು ಹಳದಿ, ಅದರ ಮೇಲೆ ಬೆಟ್ಟದ ತುದಿಗೆ ಮೊದಲ ಹಿಮ. ಒಂದು ವಾರ ತಡವಾದರೆ ಗಾಳಿಗೆ ಎಲ್ಲ ಉದುರಿ ಹೋಗುತ್ತದಂತೆ, ನೀನೇ ಬರೆದಿದ್ದೆ. ಡಿಸೆಂಬರಿನ ಚಿತ್ರಗಳು ಪೂರ್ತಿ ನೀಲಿ, ಸೂರ್ಯ ಹುಟ್ಟದ ವಾರಗಳಲ್ಲಿ ಮಧ್ಯಾಹ್ನ ಬರುವ ಆ ಬೆಳಕನ್ನು ನಾನು ಎಲ್ಲೂ ಕಂಡಿಲ್ಲ. ಪಶ್ಚಿಮದ ಬೆಟ್ಟಗಳು ಮೋಡವನ್ನು ಹಿಂಡಿ ಬಿಡುವುದರಿಂದ ಅಬಿಸ್ಕೊದ ಆಕಾಶ ಜಾಸ್ತಿ ದಿನ ತಿಳಿಯಾಗಿರುತ್ತದೆ ಅಂತ ಗೊತ್ತಾದಾಗ, ನೀನು ಯಾಕೆ ಪ್ರತಿ ಸಲ ಅಲ್ಲಿಗೇ ಓಡುತ್ತೀಯ ಅಂತ ಅರ್ಥವಾಯಿತು. 2024ರ ಮೇ 10ರ ರಾತ್ರಿ ದೊಡ್ಡ ಸೌರ ಬಿರುಗಾಳಿ ಬಂದಾಗ ಲಡಾಖಿನ ಹಾನ್ಲೆಯಲ್ಲೂ ಆಕಾಶ ಕೆಂಪಾಗಿತ್ತು. ಬೆಂಗಳೂರಿನ ಖಭೌತ ವಿಜ್ಞಾನ ಸಂಸ್ಥೆಯವರ ಕ್ಯಾಮೆರಾಗಳಲ್ಲಿ ಅದು ಸಿಕ್ಕಿತು. ನಾವು ಅಲ್ಲಿದ್ದ ವರ್ಷಗಳಲ್ಲಿ ಅಂಥದ್ದು ಕಾಣಲಿಲ್ಲ. ಕಂಡಿದ್ದರೂ ಇಟ್ಟುಕೊಳ್ಳುವುದಕ್ಕೆ ಕ್ಯಾಮೆರಾ ಇರಲಿಲ್ಲ, ಅಲ್ಲಿ ಫೋಟೋ ತೆಗೆಯುವ ಹಾಗೂ ಇರಲಿಲ್ಲ. ಅಷ್ಟು ಚಳಿಗಾಲ ಕಳೆದು ಬಂದವನ ಹತ್ತಿರ ಒಂದು ಬೆಟ್ಟದ ಚಿತ್ರವೂ ಇಲ್ಲ.

ನಿವೃತ್ತಿಯಾಗಿ ಬಂದ ಮೇಲೆ ನಡೆಯುವುದೇ ಸಾಕಾಗಿತ್ತು. ನಿಮ್ಮತ್ತೆಗೆ ಕೊಡಚಾದ್ರಿ ಹತ್ತಬೇಕು ಅಂತ ಆಸೆ. ಮಳೆ ಕಳೆಯಲಿ ಅಂದೆ, ಕೊಯ್ಲು ಮುಗಿಯಲಿ ಅಂದೆ. ಈಗ ಅವಳ ಮಂಡಿ ಕೇಳುವುದಿಲ್ಲ. ಜೀಪಿನಲ್ಲಿ ಕರೆದುಕೊಂಡು ಹೋದೆ, ಮೇಲೆ ನಿಂತು ನೋಡಿದಳು, ನಡೆದು ಬಂದಿದ್ದರೆ ಬೇರೆ ಥರ ಇರುತ್ತಿತ್ತು ಅಂದಳು, ಮತ್ತೆ ಆ ಮಾತು ಎತ್ತಲಿಲ್ಲ. ಅದಕ್ಕೇ ಹೇಳುತ್ತೇನೆ, ಹೋಗಬೇಡ ಅಂತ ನಾನು ಸಾಯುವವರೆಗೂ ನಿನಗೆ ಹೇಳುವುದಿಲ್ಲ.

ಬೇಸಿಗೆಯ ಬಗ್ಗೆಯೂ ಯೋಚನೆ ಇದೆ. ಮೇ ಕೊನೆಯಿಂದ ಜುಲೈ ನಡುವಿನವರೆಗೆ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ನಮಗೆ ಕತ್ತಲಾಗುತ್ತಿದೆ ಅನ್ನುವುದೇ ಮನೆಗೆ ನಡಿ ಅಂತ ಹೇಳಿದ ಹಾಗೆ. ಅಲ್ಲಿ ಹಾಗೆ ಹೇಳುವ ಕತ್ತಲೆಯೇ ಇಲ್ಲ, ಇನ್ನೊಂದು ಗುಡ್ಡ, ಇನ್ನೊಂದು ಫ್ರೇಮ್ ಅಂತ ಕಾಲು ಸೋಲುವವರೆಗೆ ನಡೆಯಬಹುದು. ಹಿಮ ಕರಗಿ ಬರುವ ಹಳ್ಳಗಳು ಬೆಳಗ್ಗೆಗಿಂತ ಸಂಜೆ ಜಾಸ್ತಿ ತುಂಬಿರುತ್ತವೆ, ಹೋಗುವಾಗ ದಾಟಿದ್ದು ಬರುವಾಗ ದಾಟಲಾಗದೆ ಹೋಗಬಹುದು. ಗಡಿಯಾರ ನೋಡಿ ತಿರುಗು. ಮಾರ್ಚ್, ಏಪ್ರಿಲಿನಲ್ಲಿ ಇಳಿಜಾರು ಹತ್ತುವ ಮುಂಚೆ ಹಿಮಕುಸಿತದ ಮುನ್ಸೂಚನೆ ನೋಡು, ಅಲ್ಲಿನ ಸರಕಾರವೇ ಚಳಿಗಾಲದಲ್ಲಿ ಪ್ರಕಟಿಸುತ್ತದೆ.

ಕ್ಯಾಮೆರಾ ಬಗ್ಗೆ ನಿನಗೆ ನಾನು ಹೇಳುವುದು ಏನೂ ಇಲ್ಲ. ಬ್ಯಾಟರಿ ಬೇಗ ಸತ್ತುಹೋಗುತ್ತದೆ ಅಂದಿದ್ದೆ, ನಾವು ವೈರ್‌ಲೆಸ್ ಸೆಟ್ಟಿನ ಬ್ಯಾಟರಿಯನ್ನು ಕೋಟಿನೊಳಗೆ ಎದೆಗೆ ಹತ್ತಿಸಿ ಇಟ್ಟುಕೊಳ್ಳುತ್ತಿದ್ದೆವು, ನೀನೂ ಒಳಜೇಬಿನಲ್ಲಿ ಇಟ್ಟುಕೋ. ಮನೆಯೊಳಗೆ ಬರುವ ಮುಂಚೆ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿಯಾಗಿ ಕಟ್ಟಿ, ಪೂರ್ತಿ ಬೆಚ್ಚಗಾಗುವವರೆಗೆ ತೆಗೆಯಬೇಡ, ಬೆವರೆಲ್ಲ ಚೀಲದ ಹೊರಗೇ ನಿಲ್ಲುತ್ತದೆ. ಮೆಮೊರಿ ಕಾರ್ಡ್ ಮೊದಲೇ ತೆಗೆದಿಟ್ಟುಕೊಂಡರೆ ಫೋಟೋ ನೋಡುವ ಆತುರವೂ ತೀರುತ್ತದೆ. ಟ್ರೈಪಾಡಿನ ಕಾಲನ್ನು ಬರಿಗೈಯಲ್ಲಿ ಮುಟ್ಟಬೇಡ. ಗ್ಲೌಸಿಗೆ ದಾರ ಕಟ್ಟಿ ಮಣಿಕಟ್ಟಿಗೆ ಹಾಕಿಕೋ. ಆ ಗದಗದ ಹುಡುಗನ ಗ್ಲೌಸಿಗೆ ದಾರ ಇರಲಿಲ್ಲ.

ನಾನು ಕೇಳುವುದು ಇಷ್ಟೇ. ಹೊರಡುವಾಗ ನನಗೆ ಒಂದು ಮೆಸೇಜ್ ಹಾಕು. ಜಾಗದ ಹೆಸರು, ವಾಪಸ್ಸಾಗುವ ಹೊತ್ತು. ಚೆನ್ನಾಗಿದೆಯಾ, ಊಟ ಆಯ್ತಾ ಅಂತ ನಾನು ತಿರುಗಿ ಏನೂ ಕೇಳುವುದಿಲ್ಲ, ಉತ್ತರವನ್ನೂ ಹಾಕುವುದಿಲ್ಲ, ಆ ದಿನ ನಿನ್ನದಾಗಿಯೇ ಇರಲಿ. ಬಂದ ಮೇಲೆ "ಬಂದೆ" ಅಂತ ಒಂದು ಪದ ಸಾಕು. ಚಳಿಗಾಲದಲ್ಲಿ ನಿನಗೆ ರಾತ್ರಿ ಹತ್ತು ಅಂದರೆ ಇಲ್ಲಿ ಎರಡೂವರೆ. ಆ ಹೊತ್ತಿಗೆ ನನಗೆ ಹೇಗೂ ನಿದ್ದೆ ಇರುವುದಿಲ್ಲ, ತೊಂದರೆ ಅಂದುಕೊಳ್ಳಬೇಡ. ಆದರೆ ನಾನು ಇಲ್ಲಿ ಕೂತು ಮಾಡುವುದೇನೂ ಇಲ್ಲ, ಅದಕ್ಕೇ ಅಲ್ಲಿಯೇ ಇರುವ ಇನ್ನೊಬ್ಬರಿಗೂ ಅದೇ ಮೆಸೇಜ್ ಹೋಗಲಿ. ಪಕ್ಕದ ರೂಮಿನ ಹುಡುಗಿ ಸ್ಕೀಯಿಂಗ್ ಮಾಡುತ್ತಾಳೆ, ಆ ಬೆಟ್ಟಗಳು ಗೊತ್ತು ಅಂದಿದ್ದೆಯಲ್ಲ, ಅವಳನ್ನು ಕೇಳು. ನೀನು ಹೇಳಿದ ಹೊತ್ತು ಕಳೆದು ಎರಡು ಗಂಟೆಯಾದರೂ ಸುದ್ದಿ ಇಲ್ಲದಿದ್ದರೆ ಅವಳು 112ಕ್ಕೆ ಫೋನ್ ಮಾಡಲಿ. ಅಲ್ಲಿ ಬೆಟ್ಟದಲ್ಲಿ ಹುಡುಕುವ ಕೆಲಸ ಪೊಲೀಸರದ್ದೇ, ಯಾವ ಕಡೆ ಅಂತ ಅವಳು ಹೇಳಬಲ್ಲಳು.

ಅವಳ ನಂಬರ್ ನನಗೂ ಕಳಿಸು. ನಿಮ್ಮಮ್ಮನಿಗೆ ಈ ಪತ್ರದ ವಿಷಯ ಹೇಳಿಲ್ಲ, ಆ ಸಾಲನ್ನೂ ತೋರಿಸಿಲ್ಲ. ಮುಂದಿನ ಶನಿವಾರ ಮತ್ತೆ ಅಬಿಸ್ಕೊ ಅಂದಿದ್ದೀಯ, ಅಷ್ಟರೊಳಗೆ ಉತ್ತರ ಬರೆ.

ನಿನ್ನ ಮಾವ