ಕೆಲವು ವಾರ ನಿಧಾನವಾಗಲು ಒಪ್ಪಿದವರಿಗೆ

ಸ್ಟೋರ್ಸ್ ಮತ್ತು ಮೆಂಟೆನೆನ್ಸ್ ವಿಭಾಗಗಳ ಲೆಡ್ಜರ್, ಬಿನ್ ಕಾರ್ಡ್ (ಪ್ರತಿ ಸಾಮಾನಿನ ಬಳಿ ಇಡುವ ದಾಸ್ತಾನು ಚೀಟಿ), ಇಶ್ಯೂ ಸ್ಲಿಪ್ (ಸಾಮಾನು ಕೊಟ್ಟಾಗ ಬರೆಯುವ ಚೀಟಿ) ಎಲ್ಲವೂ ಈಗ ಹೊಸ ಸಾಫ್ಟ್‌ವೇರಿಗೆ ಬಂದಿವೆ. ಈ ತಿಂಗಳ ಲೆಕ್ಕ ಹಳೆಯ ಪುಸ್ತಕ ತೆರೆಯದೆಯೇ ಮುಗಿಯಿತು. ಬದಲಾವಣೆಯ ಹೊಣೆ ಹೊತ್ತಿದ್ದ ತಂಡದಿಂದ ಈ ಕೃತಜ್ಞತೆ. "ಎಲ್ಲರಿಗೂ ಧನ್ಯವಾದ" ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟರೆ, ಯಾರು ಏನು ಮಾಡಿದ್ದರಿಂದ ಈ ಕೆಲಸ ಕೈಗೂಡಿತು ಎಂಬುದು ಎಲ್ಲೂ ದಾಖಲಾಗುವುದಿಲ್ಲ. ಹಾಗಾಗಿ ಬಿಡಿಸಿ ಬರೆಯುತ್ತಿದ್ದೇವೆ.

ಮೊದಲ ಧನ್ಯವಾದ "ಹೀಗೆ ಮಾಡಿದರೆ ಆಗೋದಿಲ್ಲ" ಅಂದ ಸ್ಟೋರ್‌ಕೀಪರ್‌ಗಳಿಗೆ. ಐಟಂ ಪಟ್ಟಿ ಶುದ್ಧ ಮಾಡುವಾಗ ಒಂದೇ ವಸ್ತು ಮೂರ್ನಾಲ್ಕು ಹೆಸರಿನಲ್ಲಿ ಸಿಗುವುದು ಎಲ್ಲ ಕಡೆಯೂ ಇದ್ದದ್ದೇ. ಅವನ್ನು ಸೇರಿಸಿ ಒಂದು ಕೋಡ್ ಕೊಡುವುದು ರೂಢಿ. ಆದರೆ 6205 ಝಡ್‌ಝಡ್ ಮತ್ತು 6205 2ಆರ್‌ಎಸ್ ಎಂಬ ಎರಡು ಮಾದರಿಯ ಬೇರಿಂಗುಗಳನ್ನು ಬರೀ ಅಳತೆ ನೋಡಿ ಒಂದೇ ಎಂದು ತಪ್ಪಾಗಿ ಸೇರಿಸಿಬಿಡುವ ಅಪಾಯವಿದೆ. ಎರಡಕ್ಕೂ ಒಳವ್ಯಾಸ 25 ಮಿ.ಮೀ., ಹೊರವ್ಯಾಸ 52, ಅಗಲ 15. ವ್ಯತ್ಯಾಸವಿರುವುದು ಮುಚ್ಚಳದಲ್ಲಿ. ಮೊದಲನೆಯದಕ್ಕೆ ಎರಡೂ ಕಡೆ ಲೋಹದ ತಗಡು, ಎರಡನೆಯದಕ್ಕೆ ರಬ್ಬರ್ ಸೀಲ್. ನೀರು ಬೀಳುವ ಪಂಪಿಗೆ ತಗಡಿನದನ್ನು ಹಾಕಿದರೆ ಒಳಗಿನ ಗ್ರೀಸ್ ತೊಳೆದುಹೋಗಿ ಬೇರಿಂಗ್ ಬೇಗ ಕೂಗಲು ಶುರುಮಾಡುತ್ತದೆ. ಇದು ಯಾವ ಪಟ್ಟಿಯಲ್ಲೂ ಬರೆದಿರಲಿಲ್ಲ, ಸ್ಟೋರ್ಸಿನವರ ತಲೆಯಲ್ಲಿತ್ತು. ಅವರು ಅಡ್ಡ ನಿಲ್ಲದಿದ್ದರೆ ಎರಡೂ ಒಂದೇ ಡಬ್ಬಿಗೆ ಬೀಳುತ್ತಿದ್ದವು.

ಅಳತೆಯ ಏಕಮಾನದ ಬಗ್ಗೆಯೂ ಹೀಗೇ. ಎಣ್ಣೆ ಕೊಳ್ಳುವುದು 210 ಲೀಟರಿನ ಬ್ಯಾರೆಲ್ ಲೆಕ್ಕದಲ್ಲಿ, ಕೊಡುವುದು ಲೀಟರಿನಲ್ಲಿ. ಕೇಬಲ್ ಬರುವುದು 100 ಮೀಟರ್ ಸುರುಳಿಯಲ್ಲಿ, ಹೋಗುವುದು ಮೀಟರಿನಲ್ಲಿ. ಪರಿವರ್ತನೆ ತುಂಬದೆ ಬಿಟ್ಟರೆ ಎರಡು ಲೀಟರ್ ಕೊಟ್ಟಾಗ ಕಂಪ್ಯೂಟರಿನಲ್ಲಿ ಎರಡು ಬ್ಯಾರೆಲ್ ಖಾಲಿ. ಆಮೇಲೆ ಸಾಫ್ಟ್‌ವೇರ್ ತಾನಾಗಿ ಹೊಸ ಬ್ಯಾರೆಲ್ ತರಿಸಿ ಎನ್ನುತ್ತದೆ, ಜಾಗ ಇರುವುದಿಲ್ಲ, ಬೈಗುಳ ಸ್ಟೋರ್ಸಿನವರಿಗೆ. ಪ್ರತಿ ಐಟಂಗೂ ಕೊಳ್ಳುವ ಅಳತೆ, ಕೊಡುವ ಅಳತೆ, ನಡುವಿನ ಗುಣಕ ಎಂದು ಮೂರು ಕಾಲಂ ಹಾಕಿ ಕೈಯಿಂದ ತುಂಬಿಕೊಟ್ಟವರಿಗೆ ನಾವು ಋಣಿ. ಇಡೀ ಕೆಲಸದಲ್ಲಿ ಅತಿ ಬೇಸರದ ಭಾಗ ಇದು, ಅತಿ ಮುಖ್ಯವಾದದ್ದೂ ಇದೇ.

ಯಾವ ರ್‍ಯಾಕಿನಲ್ಲಿ ಏನಿದೆ ಎಂದು ಕಣ್ಣು ಮುಚ್ಚಿ ಹೇಳುವವರು ಹೊಸ ಪರದೆಯ ಮುಂದೆ ಕೂತಾಗ ಕಿರಿಯರನ್ನು ಕೇಳಬೇಕಾಗುತ್ತದೆ. ಅದುವರೆಗೆ ಬೇರೆಯವರು ಬಂದು ಕೇಳುತ್ತಿದ್ದದ್ದು ಅವರನ್ನು. ಹಿರಿಯ ಕೆಲಸಗಾರರ ವಿರೋಧವನ್ನು ಮೊಂಡುತನ ಎಂದು ಕರೆಯುವವರು ಈ ನಷ್ಟವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಷ್ಟಪಟ್ಟು ಗಳಿಸಿದ ಚುರುಕನ್ನು ಕೆಲವು ವಾರ ಕೆಳಗಿಟ್ಟು, ಎಲ್ಲರೆದುರು ತಡವರಿಸಲು ಅವರು ಒಪ್ಪಿದರು. ಬದಲಾವಣೆಯಲ್ಲಿ ಇದಕ್ಕಿಂತ ದೊಡ್ಡ ಕೊಡುಗೆ ಇಲ್ಲ ಎಂದು ನಾವು ನಂಬುತ್ತೇವೆ.

ಅವರು ಹಾಗೆ ಒಪ್ಪುವಂತಾದದ್ದು ಶಿಫ್ಟ್ ಸೂಪರ್‌ವೈಸರ್‌ಗಳಿಂದ. ಹೊಸ ವ್ಯವಸ್ಥೆ ಬಂದ ಮೊದಲ ವಾರಗಳಲ್ಲಿ ಕೆಲಸದ ವೇಗ ಇಳಿಯುವುದು ಸಹಜ. ಆಗಲೂ ಹಳೆಯ ಗುರಿಯನ್ನೇ ಹಿಡಿದು ಕೂತರೆ ಜನ ಮಾಡುವುದು ಒಂದೇ: ಸಾಮಾನು ಕೊಟ್ಟುಬಿಡುತ್ತಾರೆ, ಎಂಟ್ರಿಯನ್ನು "ಆಮೇಲೆ" ಎಂದು ಚೀಟಿಯಲ್ಲಿ ಗೀಚಿ ಜೇಬಿಗೆ ಹಾಕುತ್ತಾರೆ. ಸಂಜೆಗೆ ಆ ಚೀಟಿ ಇರುವುದಿಲ್ಲ, ವಾರದೊಳಗೆ ದಾಸ್ತಾನು ತಪ್ಪುತ್ತದೆ, "ನೋಡಿದಿರಾ, ಕಂಪ್ಯೂಟರ್ ಸುಳ್ಳು ಹೇಳುತ್ತದೆ" ಎಂಬ ಮಾತು ಹುಟ್ಟುತ್ತದೆ. ಮೊದಲೇ ಗುರಿ ಇಳಿಸಿ, ಆ ಇಳಿಕೆಯನ್ನು ನೋಟಿಸ್ ಬೋರ್ಡಿನಲ್ಲಿ ಬರೆದು ಹಾಕಿದ ಸೂಪರ್‌ವೈಸರ್‌ಗಳು ಮೇಲಿನವರ ಒತ್ತಡವನ್ನು ತಾವೇ ನುಂಗಿಕೊಂಡರು.

ರಾತ್ರಿ ಪಾಳಿಯವರಿಗೆ ಪ್ರತ್ಯೇಕವಾಗಿ ವಂದನೆ. "ಅನುಮೋದನೆ ಇಲ್ಲದೆ ಸಾಮಾನು ಹೊರಗೆ ಹೋಗಬಾರದು" ಎಂಬ ನಿಯಮ ಹಗಲಿಗೆ ಚೆನ್ನ. ರಾತ್ರಿ ಎರಡು ಗಂಟೆಗೆ ಬೆಲ್ಟ್ ಹರಿದು ಲೈನ್ ನಿಂತರೆ ಅನುಮೋದಿಸುವವರು ಯಾರು? ರಾತ್ರಿ ಪಾಳಿಯವರ ತಕರಾರಿನಿಂದಲೇ ತುರ್ತು ಇಶ್ಯೂ ಎಂಬ ದಾರಿ ಸೇರಿತು: ಸಾಮಾನು ಮೊದಲು, ಸ್ಕ್ಯಾನ್ ಆಗಲೇ, ಅನುಮೋದನೆ ಮುಂದಿನ ಪಾಳಿಯಲ್ಲಿ. ದಪ್ಪ ಕೈಗವಸು ಹಾಕಿದ ಬೆರಳಿಗೆ ಟ್ಯಾಬ್ಲೆಟ್ ಪರದೆ ಸ್ಪಂದಿಸುವುದಿಲ್ಲ, ಗುಂಡಿ ಒತ್ತುವ ಸ್ಕ್ಯಾನರ್ ಬೇಕು ಎಂದವರೂ ಅವರೇ. ಎಣ್ಣೆ, ಶಾಖ ಇರುವ ಜಾಗದಲ್ಲಿ ಬಿಲ್ ಯಂತ್ರದ ಕಾಗದದಂಥ ಥರ್ಮಲ್ ಲೇಬಲ್ ಕಪ್ಪಾಗಿ ಅಥವಾ ಮಾಸಿ ಬಾರ್‌ಕೋಡ್ ಓದಲು ಬಾರದಂತಾಗುತ್ತದೆ. ಅಲ್ಲಿಗೆ ಪಾಲಿಯೆಸ್ಟರ್ ಲೇಬಲ್, ರೆಸಿನ್ ರಿಬ್ಬನ್ (ರಾಳದ ಶಾಯಿಯ ಪಟ್ಟಿ) ಮುದ್ರಣ ಬೇಕಾಗುತ್ತದೆ. ಖರ್ಚು ಜಾಸ್ತಿ, ಆದರೆ ಬಾಳಿಕೆ ಬರುತ್ತದೆ.

ಈಗ ಸ್ವಲ್ಪ ಸೂಕ್ಷ್ಮದ ವಿಷಯ. ಹೊಸ ಲೆಕ್ಕ ಶುರುವಾಗುವ ಮುನ್ನ ಪೂರ್ತಿ ದಾಸ್ತಾನು ಎಣಿಸಬೇಕು. ಎಣಿಕೆ ಎಂದ ಕೂಡಲೇ ಎದೆ ಧಸಕ್ಕೆನ್ನುತ್ತದೆ, ಏಕೆಂದರೆ ವರ್ಷಗಳ ವ್ಯತ್ಯಾಸವೆಲ್ಲ ಒಂದೇ ದಿನ ಹೊರಬರುತ್ತದೆ. ಅದರಲ್ಲಿ ಹೆಚ್ಚಿನದು ಕಳವಲ್ಲ: ಬರೆಯದೆ ಉಳಿದ ಸ್ಲಿಪ್, ವಾಪಸ್ ಬಂದರೂ ಜಮಾ ಆಗದ ಸಾಮಾನು, ಡಜನ್ ಇರಬೇಕಾದಲ್ಲಿ ಒಂದು ಎಂದು ಬರೆದದ್ದು. ಆದರೂ ಹೆಸರು ಕೆಡುವುದು ಆ ದಿನ ಅಲ್ಲಿ ಕೂತವರದ್ದು. "ಸಾಫ್ಟ್‌ವೇರ್ ಬೇಡ" ಎಂಬ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಈ ಭಯ, ಅದನ್ನು ಸಭೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೊದಲ ಎಣಿಕೆಯ ವ್ಯತ್ಯಾಸಕ್ಕೆ ಯಾರ ಮೇಲೂ ಕ್ರಮವಿಲ್ಲ ಎಂದು ಎಣಿಕೆಗೆ ಮುಂಚೆಯೇ ಸಹಿ ಹಾಕಿ ಬರೆದುಕೊಟ್ಟ ಆಡಳಿತಕ್ಕೂ, ಆ ವ್ಯತ್ಯಾಸವನ್ನು ಒಂದೇ ಸಲ ಸರಿಹೊಂದಿಸಿ ಲೆಕ್ಕ ಮುಗಿಸಿದ ಅಕೌಂಟ್ಸ್ ವಿಭಾಗಕ್ಕೂ ಹೃತ್ಪೂರ್ವಕ ಧನ್ಯವಾದ. ಬಾಯಿಮಾತಿನ ಭರವಸೆ ಇಲ್ಲಿ ಸಾಲದು, ಕಾಗದವೇ ಬೇಕು. ಕೆಲಸ ಹೋಗುತ್ತದೆಯೇ ಎಂಬ ಪ್ರಶ್ನೆಗೂ ಹಾಗೆಯೇ. ಅದನ್ನು ಮೊದಲ ಸಭೆಯಲ್ಲೇ ಎತ್ತಿ, ಉತ್ತರ ಲಿಖಿತವಾಗಿ ಬರುವವರೆಗೆ ಬಿಡದ ಕಾರ್ಮಿಕ ಪ್ರತಿನಿಧಿಗಳು ಎಲ್ಲರಿಗೂ ಉಪಕಾರ ಮಾಡಿದ್ದಾರೆ.

ಎಣಿಕೆಗೆ ಕೂತವರ ಶ್ರಮ ಹೇಳಲೇಬೇಕು. ಸಾಮಾನಿನ ಓಡಾಟ ನಿಲ್ಲಿಸಿ, ಪುಸ್ತಕದ ಅಂಕಿ ತೋರಿಸದೆ ಇಬ್ಬರು ಬೇರೆಬೇರೆಯಾಗಿ ಎಣಿಸಬೇಕು, ತಾಳೆಯಾಗದಿದ್ದರೆ ಮೂರನೆಯವರು. ಅಂಕಿ ಮೊದಲೇ ಕಂಡರೆ ಕಣ್ಣು ಆ ಅಂಕಿಯನ್ನೇ ಎಣಿಸುತ್ತದೆ.

ಜನರನ್ನು ಕೇಳಿ ಮಾಡುವುದಕ್ಕೂ ಹೇಳಿ ಮಾಡಿಸುವುದಕ್ಕೂ ಇರುವ ಅಂತರ ಹೊಸ ಸಂಗತಿಯೇನಲ್ಲ. ಅಮೆರಿಕದ ವರ್ಜೀನಿಯಾದ ಪೈಜಾಮ ಕಾರ್ಖಾನೆಯೊಂದರಲ್ಲಿ ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ ಇದನ್ನು ಅಳೆದು 1948ರಲ್ಲಿ ಪ್ರಕಟಿಸಿದರು. ಬದಲಾವಣೆಯನ್ನು ಬರೀ ತಿಳಿಸಲಾದ ಗುಂಪಿನಲ್ಲಿ ಉತ್ಪಾದನೆ ಮೇಲೇಳಲಿಲ್ಲ, ಮೊದಲ 40 ದಿನಗಳಲ್ಲಿ ಶೇ. 17 ಮಂದಿ ಕೆಲಸ ಬಿಟ್ಟರು. ಹೊಸ ವಿಧಾನ ರೂಪಿಸುವುದರಲ್ಲಿ ಎಲ್ಲರೂ ಕೈಹಾಕಿದ ಗುಂಪುಗಳು ಬೇಗ ಹಳೆಯ ವೇಗಕ್ಕೆ ಮರಳಿ ಅದನ್ನು ದಾಟಿದವು. ಇದನ್ನು ಓದಿ ತಲೆದೂಗುವುದು ಸುಲಭ. ಗಡುವು ಹತ್ತಿರ ಬಂದಾಗ ಮೊದಲು ಕೈಬಿಡುವುದೂ ಇದನ್ನೇ. ಗಡುವು ಮುಂದೂಡಿದರೂ ಸರಿ, ಆಕ್ಷೇಪಗಳ ಬೋರ್ಡ್ ಖಾಲಿಯಾಗದೆ ಶುರು ಬೇಡ ಎಂದು ನಿಂತ ವಿಭಾಗ ಮುಖ್ಯಸ್ಥರಿಗೆ ನಮಸ್ಕಾರ. ಆ ಬೋರ್ಡಿನಲ್ಲಿ ಪ್ರತಿ ದೂರಿಗೂ ನಾಲ್ಕು ಕಾಲಂ: ದೂರು, ನೋಡುವವರು, ತಾರೀಖು, ಉತ್ತರ. "ಆಗುವುದಿಲ್ಲ, ಕಾರಣ ಇದು" ಎಂಬ ಉತ್ತರವನ್ನೂ ಜನ ಒಪ್ಪುತ್ತಾರೆ. ಉತ್ತರವೇ ಇಲ್ಲದ ಸಾಲನ್ನು ಒಪ್ಪುವುದಿಲ್ಲ.

ತರಬೇತಿ ಕೊಟ್ಟ ಸಹೋದ್ಯೋಗಿಗಳು ಹೊರಗಿನಿಂದ ಬಂದವರಲ್ಲ, ಅದೇ ಕೌಂಟರಿನಲ್ಲಿ ಕೂರುವವರು. ಆರೆಂಟು ಮಂದಿಯ ಗುಂಪು, ತಮ್ಮದೇ ಐಟಂಗಳು, ಶುರುವಾಗುವ ದಿನಕ್ಕೆ ಎರಡು ವಾರದೊಳಗೆ. ಎರಡು ತಿಂಗಳು ಮುಂಚೆ ಕಲಿಸಿದ್ದು ಯಾರಿಗೂ ನೆನಪಿರುವುದಿಲ್ಲ.

ಹಳೆಯದು, ಹೊಸದು ಎರಡನ್ನೂ ಒಟ್ಟಿಗೆ ಓಡಿಸಿದ ದಿನಗಳಲ್ಲಿ ಇಮ್ಮಡಿ ದುಡಿದವರನ್ನು ಮರೆಯಲಾರೆವು. ಈ ಅವಧಿಗೆ ಕೊನೆಯ ತಾರೀಖು ಮೊದಲೇ ಗೊತ್ತಿರಬೇಕು. ಇಲ್ಲದಿದ್ದರೆ ಲೆಡ್ಜರೇ ನಿಜವಾದ ಲೆಕ್ಕವಾಗಿ ಉಳಿಯುತ್ತದೆ, ಸಾಫ್ಟ್‌ವೇರ್ ಕಾಟಾಚಾರಕ್ಕೆ ತುಂಬುವಂಥದ್ದಾಗುತ್ತದೆ. ದಿನಕ್ಕೆ 20 ಐಟಂ ಆರಿಸಿ ಪುಸ್ತಕ, ಪರದೆ, ರ್‍ಯಾಕ್ ಮೂರನ್ನೂ ತಾಳೆ ನೋಡುವುದು, ತಪ್ಪು ಎಷ್ಟಾದರೆ ಹಳೆಯ ಲೆಡ್ಜರಿಗೆ ಹಿಂದಕ್ಕೆ ಹೋಗುವುದು ಎಂದು ಮೊದಲೇ ಬರೆದಿಡುವುದು, ಇವೂ ಬೇಕು. ಹಿಂದಕ್ಕೆ ಹೋಗುವ ದಾರಿ ಇದೆ ಎಂದು ಗೊತ್ತಿದ್ದರೆ ಮುಂದಕ್ಕೆ ಹೆಜ್ಜೆ ಇಡಲು ಜನ ಅಷ್ಟು ಹೆದರುವುದಿಲ್ಲ.

ಹಳೆಯ ಎಕ್ಸೆಲ್ ವರದಿ ಕೇಳುವುದನ್ನು ನಿಲ್ಲಿಸಿದ ವ್ಯವಸ್ಥಾಪಕರಿಗೂ ಧನ್ಯವಾದ. ಮೇಲಿನವರೊಬ್ಬರು "ಆ ಹಳೆಯ ಶೀಟ್ ಒಂದು ಕಳಿಸಿ" ಎಂದರೆ ಸಾಕು, ಕೆಳಗೆ ನಾಲ್ಕು ಮಂದಿ ಗುಟ್ಟಾಗಿ ಆ ಶೀಟ್ ಇಟ್ಟುಕೊಂಡು ಬರುತ್ತಾರೆ.

ಇನ್ನೂ ಮನಸ್ಸು ಒಪ್ಪದವರಿದ್ದಾರೆ. ಅವರ ಮುಖ್ಯ ದೂರು ವಾಪಸ್ ಬರುವ ಸಾಮಾನಿನದು, ಅದು ನ್ಯಾಯವಾದದ್ದೇ. ರಿಪೇರಿಗೆ ಐದು ಬೋಲ್ಟ್ ಒಯ್ದು ಎರಡನ್ನು ಮರಳಿ ತಂದರೆ ಜಮಾ ಮಾಡಲು ಈಗ ನಾಲ್ಕು ಪರದೆ ದಾಟಬೇಕು. ಅದು ಒಂದೇ ಪರದೆಗೆ ಇಳಿಯುವವರೆಗೆ ಕೌಂಟರಿನ ಪಕ್ಕದ ವಾಪಸಾತಿ ಡಬ್ಬಿಯಲ್ಲಿ ಹಾಕಿ, ಮೇಲೆ ವರ್ಕ್ ಆರ್ಡರ್ (ಆ ರಿಪೇರಿ ಕೆಲಸದ ಆದೇಶ) ಸಂಖ್ಯೆ ಬರೆದಿಡಿ. ಪಾಳಿ ಮುಗಿಯುವ ಮೊದಲು ಸ್ಟೋರ್ಸಿನವರೇ ಜಮಾ ಮಾಡುತ್ತಾರೆ. ಈ ಹೆಚ್ಚುವರಿ ಕೆಲಸವನ್ನು ಕೇಳದೆಯೇ ಕೈಗೆತ್ತಿಕೊಂಡ ಅವರಿಗೆ ಮತ್ತೊಮ್ಮೆ ಧನ್ಯವಾದ.