ಬ್ಯಾಂಕ್ ಗುಮಾಸ್ತ ಕಟ್ಟಿದ ರೇಸ್ ತಂಡ

ನಾರ್ಥಾಂಪ್ಟನ್
ಏಪ್ರಿಲ್ 2025

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಅಮ್ಮ ಕಳಿಸಿದ ಚಟ್ನಿಪುಡಿ ಬಂತು. ಮೊನ್ನೆ ಫೋನಿನಲ್ಲಿ ನೀವು ಕೇಳಿದಿರಿ, "ನಮ್ಮ ಬೆಂಗಳೂರಿನ ಮಲ್ಯನ ಫಾರ್ಮುಲಾ ಒನ್ ಕಾರ್ ರೇಸ್ ತಂಡ ಏನಾಯ್ತು? ಅದು ನಿಮ್ಮ ಕಡೆಯೇ ಇತ್ತಲ್ವಾ?" ಅಂತ. ಫೋನಿನಲ್ಲಿ ಮುಗಿಯುವ ಕಥೆ ಅಲ್ಲ, ಅದಕ್ಕೇ ಈ ಪತ್ರ.

ತಂಡ ಈಗಲೂ ಇದೆ, ಹೆಸರು ಮಾತ್ರ ಬೇರೆ. ಸಿಲ್ವರ್‌ಸ್ಟೋನ್ ಟ್ರ್ಯಾಕಿನ ಎದುರಿಗೇ ಇರುವ ಕಾರ್ಖಾನೆಯ ಮೇಲೆ ಇವತ್ತು ಆಸ್ಟನ್ ಮಾರ್ಟಿನ್ ಬೋರ್ಡಿದೆ. ಆದರೆ ಆ ತಂಡ ಕಟ್ಟಿದವರು ಮಲ್ಯ ಅಲ್ಲ. ಡಬ್ಲಿನ್‌ನ ಎಡ್ಡಿ ಜೋರ್ಡನ್. ಹೋದ ತಿಂಗಳು 20ಕ್ಕೆ ತೀರಿಕೊಂಡರು, 76 ವರ್ಷ. ಇಲ್ಲಿನ ಟೀವಿ, ಪೇಪರ್ ತುಂಬ ಅವರದೇ ಸುದ್ದಿ ಇತ್ತು.

ಅವರೂ ನಿಮ್ಮ ಹಾಗೆ ಬ್ಯಾಂಕ್ ಗುಮಾಸ್ತರಾಗಿದ್ದವರು, ಬ್ಯಾಂಕ್ ಆಫ್ ಐರ್ಲೆಂಡ್‌ನಲ್ಲಿ. 1970ರಲ್ಲಿ ಅಲ್ಲಿ ತಿಂಗಳುಗಟ್ಟಲೆ ಬ್ಯಾಂಕ್ ಮುಷ್ಕರ ನಡೆಯಿತು. ಸುಮ್ನೆ ಕೂರುವುದು ಬೇಡ ಅಂತ ಕೆಲಸ ಹುಡುಕಿಕೊಂಡು ಜರ್ಸಿ ದ್ವೀಪಕ್ಕೆ ಹೋದರು. ಅಲ್ಲಿ ಗೋ-ಕಾರ್ಟ್ ಅನ್ನುವ ಪುಟ್ಟ ರೇಸ್ ಕಾರು ನೋಡಿದರು, ಹುಚ್ಚು ಹಿಡಿಯಿತು. ಮರುವರ್ಷವೇ ಐರಿಷ್ ಕಾರ್ಟ್ ಚಾಂಪಿಯನ್! (ನಿಮ್ಮ ಯೂನಿಯನ್ ಮುಷ್ಕರಗಳಲ್ಲಿ ನೀವು ಇಸ್ಪೀಟು ಮಾತ್ರ ಕಲಿತಿರಿ ಅಂತ ಅಮ್ಮ ಹೇಳುತ್ತಿರುತ್ತಾಳೆ.)

1975ರಲ್ಲಿ ಅಪಘಾತವಾಗಿ ಕಾಲು ಮುರಿಯಿತು. ಆಮೇಲೂ ಓಡಿಸಿದರು, ಗೆದ್ದರು. ಆದರೆ ತನಗಿಂತ ಚೆನ್ನಾಗಿ ಓಡಿಸುವವರನ್ನು ಹುಡುಕಿ ಕೂರಿಸುವುದೇ ತನ್ನ ಕೆಲಸ ಅಂತ ಅವರಿಗೆ ಅರ್ಥವಾಯಿತು. ನನ್ನ ಪ್ರಕಾರ ಅವರ ನಿಜವಾದ ಬುದ್ಧಿವಂತಿಕೆ ಅದೇ. ಎಂಜಿನಿಯರ್ ಅಲ್ಲ, ದುಡ್ಡಿದ್ದ ಮನೆಯವರಲ್ಲ. ಜನರನ್ನು ಗುರುತಿಸುವ ಕಣ್ಣು, ಸ್ಪಾನ್ಸರ್ ಜೇಬಿಂದ ಹಣ ತೆಗೆಸುವ ಬಾಯಿ, ಇಷ್ಟೇ ಬಂಡವಾಳ.

1991ರಲ್ಲಿ ಫಾರ್ಮುಲಾ ಒನ್‌ಗೆ ಬಂದರು. ಹಸಿರು ಕಾರು, ಮೇಲೆ ಸೆವೆನ್ ಅಪ್ ಹೆಸರು. ಅವರ ಡ್ರೈವರ್ ಬರ್ಟ್ರಾಂಡ್ ಗಾಶೋ ಹಿಂದಿನ ವರ್ಷ ಲಂಡನ್‌ನಲ್ಲಿ ಟ್ಯಾಕ್ಸಿಯವರ ಜೊತೆ ಜಗಳವಾಡಿ, ಮುಖಕ್ಕೆ ಕಣ್ಣುರಿಸುವ ಸ್ಪ್ರೇ ಹೊಡೆದಿದ್ದಕ್ಕೆ ಆ ವರ್ಷ ಜೈಲು ಸೇರಿದರು. ಬೆಲ್ಜಿಯಂನ ಸ್ಪಾ ರೇಸಿಗೆ ಸೀಟು ಖಾಲಿ. ಮರ್ಸಿಡಿಸ್‌ನವರು ದುಡ್ಡು ಕೊಟ್ಟು ಒಬ್ಬ ಹುಡುಗನನ್ನು ಕೂರಿಸಿದರು. ಸ್ಪಾ ಟ್ರ್ಯಾಕ್ ಅವನಿಗೆ ಚೆನ್ನಾಗಿ ಗೊತ್ತು ಅಂತ ಅವನ ಮ್ಯಾನೇಜರ್ ಹೇಳಿದ್ದ. ಅದು ಶುದ್ಧ ಸುಳ್ಳು, ಹುಡುಗ ಅಲ್ಲಿ ಒಮ್ಮೆಯೂ ಓಡಿಸಿರಲಿಲ್ಲ. ಆದರೂ ಅರ್ಹತಾ ಸುತ್ತಿನಲ್ಲಿ 7ನೇ ಸ್ಥಾನ. ರೇಸಿನಲ್ಲಿ ಮೊದಲ ಲ್ಯಾಪಿಗೇ ಕ್ಲಚ್ ಹೋಯಿತು. ಮುಂದಿನ ರೇಸಿಗೆ ಬೆನೆಟನ್ ತಂಡ ಅವನನ್ನು ಎತ್ತಿಕೊಂಡು ಹೋಯಿತು. ಅವನೇ ಮುಂದೆ ಏಳು ಸಲ ವಿಶ್ವ ಚಾಂಪಿಯನ್ ಆದ ಮೈಕೆಲ್ ಶುಮಾಕರ್. ಜೋರ್ಡನ್‌ಗೆ ಸಿಕ್ಕಿದ್ದು ಹೆಸರು ಮಾತ್ರ. 1992ರಲ್ಲಂತೂ ಇಡೀ ಸೀಸನ್‌ಗೆ ಒಂದೇ ಪಾಯಿಂಟ್.

ಮೊದಲ ಗೆಲುವು 1998ರಲ್ಲಿ, ಅದೇ ಸ್ಪಾದಲ್ಲಿ, ಸುರಿಯುವ ಮಳೆಯಲ್ಲಿ. ತಂಡದ ಇಬ್ಬರು ಡ್ರೈವರ್‌ಗಳಲ್ಲಿ ಡೇಮನ್ ಹಿಲ್ ಮುಂದೆ, ಮೈಕೆಲ್‌ನ ತಮ್ಮ ರಾಲ್ಫ್ ಹಿಂದೆ. ಹಿಂದಿಕ್ಕಬೇಡ ಅಂತ ರಾಲ್ಫ್‌ಗೆ ತಂಡದಿಂದ ಆದೇಶ ಹೋಯಿತು. ಒಂದು, ಎರಡು ಎರಡೂ ಸ್ಥಾನ ಜೋರ್ಡನ್‌ಗೆ. ಕೊನೆಯ ಗೆಲುವು 2003ರಲ್ಲಿ ಬ್ರೆಜಿಲ್‌ನಲ್ಲಿ, ಡ್ರೈವರ್ ಫಿಸಿಕೆಲ್ಲಾದು. ಕಾರು ಕಂಪನಿಗಳ ದುಡ್ಡಿನ ಮುಂದೆ ನಿಲ್ಲಲಾರದೆ 2005ರಲ್ಲಿ ತಂಡ ಮಾರಿದರು. ಎರಡು ಕೈ ದಾಟಿ 2007ರಲ್ಲಿ ಮಲ್ಯ ಕೊಂಡರು, 2008ರಿಂದ ಫೋರ್ಸ್ ಇಂಡಿಯಾ. 2009ರಲ್ಲಿ ಆ ತಂಡ ಮೊದಲ ಸಲ ಪೋಡಿಯಂ (ಮೊದಲ ಮೂರು ಸ್ಥಾನದವರ ವೇದಿಕೆ) ಹತ್ತಿದ್ದನ್ನು ನಾವಿಬ್ಬರೂ ಟೀವಿಯಲ್ಲಿ ನೋಡಿದೆವಲ್ಲ? ಅದೂ ಸ್ಪಾದಲ್ಲೇ, ಫಿಸಿಕೆಲ್ಲಾನೇ! ಮಲ್ಯರ ಬಗ್ಗೆ ನಿಮ್ಮ ಅಭಿಪ್ರಾಯ ನನಗೆ ಗೊತ್ತು, ಅದನ್ನು ಮತ್ತೆ ಶುರು ಮಾಡಬೇಡಿ.

ಅದೇ ವರ್ಷ ಜೋರ್ಡನ್ ರೇಸ್ ವಿಶ್ಲೇಷಕರಾಗಿ ಬಿಬಿಸಿ ಟೀವಿಗೆ ಬಂದರು. ಬಣ್ಣಬಣ್ಣದ ಶರ್ಟು, ಜಾಸ್ತಿ ಮಾತು, ಬೇರೆಯವರನ್ನು ಮಧ್ಯದಲ್ಲೇ ತಡೆಯುವುದು. ವಿಶ್ಲೇಷಣೆಯೇನೂ ಅಷ್ಟು ಆಳವಲ್ಲ, ಪಕ್ಕದಲ್ಲಿರುತ್ತಿದ್ದ ಮಾಜಿ ಡ್ರೈವರ್ ಡೇವಿಡ್ ಕೂಲ್ಥಾರ್ಡ್ ಅದರಲ್ಲಿ ಮೇಲು. ಆದರೆ ಯಾರು ಯಾರ ಜೊತೆ ಗುಟ್ಟಾಗಿ ಊಟ ಮಾಡಿದರು ಅನ್ನುವುದು ಜೋರ್ಡನ್‌ಗೆ ತಿಳಿಯುತ್ತಿತ್ತು. 2012ರಲ್ಲಿ ಡ್ರೈವರ್ ಲೂಯಿಸ್ ಹ್ಯಾಮಿಲ್ಟನ್ ಮೆಕ್‌ಲಾರೆನ್ ತಂಡ ಬಿಟ್ಟು ಮರ್ಸಿಡಿಸ್‌ಗೆ ಹೋಗುತ್ತಾರೆ ಅಂತ ಮೊದಲೇ ಹೇಳಿದವರು ಇವರೇ. ತುಂಬ ಜನ ನಂಬಲಿಲ್ಲ. ಹಾಗೇ ಆಯಿತು. ಆಮೇಲೆ ಚಾನೆಲ್ 4ರಲ್ಲೂ ಕೂತರು. ತಂಡದವರಿಗೆ ಸಂಬಳ ಕೊಡಲು ಪರದಾಡಿದವರು ರೇಸಿನ ಬಗ್ಗೆ ಮಾತಾಡಿದರೆ ಅದರ ರುಚಿಯೇ ಬೇರೆ. ಕೊನೆಗೂ ವ್ಯಾಪಾರ ಬಿಡಲಿಲ್ಲ. ಕಾರು ವಿನ್ಯಾಸಗಾರ ಏಡ್ರಿಯನ್ ನ್ಯೂವಿ ಅವರ ಮ್ಯಾನೇಜರ್ ಆಗಿ, ಕಳೆದ ವರ್ಷ ಅವರನ್ನು ಆಸ್ಟನ್ ಮಾರ್ಟಿನ್‌ಗೆ ಸೇರಿಸಿದರು. ತಾವೇ ಕಟ್ಟಿದ ತಂಡಕ್ಕೆ, ನೋಡಿ.

ಇನ್ನೊಂದು ವಿಷಯ, ಸಿಟ್ಟಾಗಬೇಡಿ. ಅವರಿಗೆ ಬಂದದ್ದು ಪ್ರಾಸ್ಟೇಟ್ ಕ್ಯಾನ್ಸರ್. ಡಿಸೆಂಬರ್‌ನಲ್ಲಿ ಅದನ್ನು ತಾವೇ ಎಲ್ಲರೆದುರು ಹೇಳಿಕೊಂಡು, ಗಂಡಸರೆಲ್ಲ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಿ ಅಂದರು. ನೀವು ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತೀರಿ ಅಂತ ಅಮ್ಮ ಹೇಳಿದಳು. "ವಯಸ್ಸಾಯ್ತು" ಅಂತ ತಳ್ಳಿಹಾಕಬೇಡಿ. ಡಾಕ್ಟರ ಹತ್ತಿರ ಹೋಗಿ, ಪ್ರಾಸ್ಟೇಟ್ ತೊಂದರೆ ಇದೆಯಾ ಅಂತ ನೋಡುವ ಪಿಎಸ್‌ಎ ರಕ್ತಪರೀಕ್ಷೆ ಬೇಕಾ ಅಂತ ಕೇಳಿ. ಶುಗರ್‌ಗೆ ಹೇಗೂ ರಕ್ತ ಕೊಡುತ್ತೀರಲ್ಲ, ಅದರ ಜೊತೆಗೇ ಆಗಲಿ. ರಿಪೋರ್ಟಿನ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿ, ಭಾನುವಾರ ಫೋನ್ ಮಾಡುತ್ತೇನೆ.

ಇಂತಿ,
ನಿಮ್ಮ ಮಗಳು